ಸಕ್ಕರೆಯ ಆನೆ

ಕಾರ್ತಿಕ ಮಾಸದ ಹುಣ್ಣಿಮೆಯನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಗೌರಿ ಹುಣ್ಣಿಮೆ ಎಂದು ಕರೆಯುವರು. ದೀಪಾವಳಿಯ ಹಣತೆಗಳು ಆರಿ ಹದಿನೈದು ದಿನಗಳಾಗುವಷ್ಟರಲ್ಲಿ ಪೇಟೆಯ ಅಂಗಡಿಗಳ ಮುಂದೆ ಸಕ್ಕರೆಯ ಗೊಂಬೆಗಳು ಸಾಲುಗೊಳ್ಳುತ್ತವೆ. ಆನೆ, ಕುದುರೆ, ನವಿಲು, ಬಸವಣ್ಣ, ತೇರು, ಶಿವ-ಪಾರ್ವತಿ ಹೀಗೆ ಹಲವು ಆಕಾರಗಳು. ಬಿಳಿ, ಗುಲಾಬಿ, ಹಳದಿ ಎಂದು ಕೆಲವೇ ಬಣ್ಣಗಳು. ಹೆಣ್ಣುಮಕ್ಕಳು ಈ ಮೂರ್ತಿಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪವಿರಿಸಿ, ಹೊಸ ಸೀರೆಯುಟ್ಟು ಹಾಡುತ್ತ ಗೌರಿಯನ್ನು ಬೆಳಗಲು ಹೋಗುವರು. ಇದಕ್ಕೆ ಸಕ್ಕರೆ ಆರತಿ ಎಂದು ಹೆಸರು.

ಈಚೆಗೆ ಒಂದು ಗೌರಿ ಹುಣ್ಣಿಮೆಯ ಮುನ್ನಾದಿನ ಮೊಮ್ಮಗಳ ಕೈಹಿಡಿದು ಪೇಟೆಗೆ ಹೋಗಿದ್ದೆ. ಅಂಗಡಿಯ ಹಲಗೆಯ ಮೇಲಿದ್ದ ಆನೆಯೊಂದನ್ನು ಆಕೆ ಬಹಳ ಹೊತ್ತು ನೋಡಿದಳು. ಅನಂತರ ಗಂಭೀರವಾಗಿ ಕೇಳಿದಳು: "ಅಜ್ಜಾ, ಇದು ಇಡೋದೋ, ತಿನ್ನೋದೋ?"

ಪ್ರಶ್ನೆ ಸಣ್ಣದು. ಆದರೆ ನನ್ನ ಮಟ್ಟಿಗೆ ಅದು ಐವತ್ತು ವರ್ಷಗಳಿಗೂ ಹಿಂದಿನದು. ಅದಕ್ಕೆ ಸರಿಯಾದ ಉತ್ತರವನ್ನು ನಾನು ಕಲಿತದ್ದು ಒಂದು ತಪ್ಪಿನ ಮೂಲಕ. ಆ ತಪ್ಪನ್ನು ಇಂದು ಓದುಗ ಬಂಧುಗಳ ಮುಂದೆ ಅರಿಕೆ ಮಾಡಿಕೊಳ್ಳಬೇಕೆನಿಸಿದೆ.

ಅಂದಿನ ಸಿಹಿ

ನಾನು ಹುಟ್ಟಿ ಬೆಳೆದದ್ದು ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿನಲ್ಲಿ, ಒಕ್ಕಲುತನದ ಮನೆಯಲ್ಲಿ. 1960ರ ದಶಕದ ಆ ದಿನಗಳಲ್ಲಿ ಬೆಲ್ಲ ಮನೆಯ ವಸ್ತುವಾಗಿತ್ತು. ಸಕ್ಕರೆ ಪೇಟೆಯ ವಸ್ತುವಾಗಿತ್ತು. ಹೋಳಿಗೆ, ಹುಗ್ಗಿ, ಮಾದಲಿ ಎಲ್ಲಕ್ಕೂ ಬೆಲ್ಲವೇ ಬೀಳುತ್ತಿತ್ತು. ಸಕ್ಕರೆ ಬರುತ್ತಿದ್ದುದು ಪಡಿತರ ಚೀಟಿಯ ಮೇಲೆ, ಅಳೆದು ತೂಗಿ. 1967ರಲ್ಲಿ ಸರಕಾರವು ನಿಯಂತ್ರಣವನ್ನು ಭಾಗಶಃ ಸಡಿಲಿಸಿ ಒಂದಷ್ಟು ಸಕ್ಕರೆಯನ್ನು ಮುಕ್ತ ಮಾರುಕಟ್ಟೆಗೆ ಬಿಟ್ಟಿತಾದರೂ, ಅಲ್ಲಿಯ ಬೆಲೆ ನಮ್ಮಂಥ ಮನೆಗಳ ಕೈಗೆಟುಕುವಂತಿರಲಿಲ್ಲ. ಅವ್ವ ಸಕ್ಕರೆಯ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಮಾಡದಲ್ಲಿ, ಮಕ್ಕಳ ಕೈ ಮುಟ್ಟದ ಎತ್ತರದಲ್ಲಿ ಇರಿಸುತ್ತಿದ್ದಳು. ಬೀಗರು ಬಂದಾಗ ಮಾತ್ರ ಅದು ಕೆಳಗಿಳಿಯುತ್ತಿತ್ತು.

ಆದ್ದರಿಂದ ಸಕ್ಕರೆಯ ತಿನಿಸಿಗೆ ನಮ್ಮಲ್ಲಿ ಒಂದೊಂದು ತಿಥಿ ಇತ್ತು. ಸಂಕ್ರಮಣಕ್ಕೆ ಕುಸುರೆಳ್ಳು. ಅಜ್ಜಿ ಮಂದವಾದ ಉರಿಯ ಮೇಲೆ ಹಿತ್ತಾಳೆಯ ಪರಾತವನ್ನಿಟ್ಟು, ಎಳ್ಳನ್ನು ಹರಡಿ, ಚಮಚೆಯಿಂದ ಸಕ್ಕರೆಯ ಪಾಕವನ್ನು ಸ್ವಲ್ಪಸ್ವಲ್ಪವೇ ಹನಿಸುತ್ತ ಬೆರಳಿನಿಂದ ಆಡಿಸುತ್ತ ಕೂಡುತ್ತಿದ್ದಳು. ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ ಅದು. ಪಾಕ ಪದರುಪದರಾಗಿ ಒಣಗುತ್ತ ಹೋದಂತೆ ಪ್ರತಿಯೊಂದು ಕಾಳಿನ ಮೈಮೇಲೂ ನವಿರಾದ ಬಿಳಿಯ ಮುಳ್ಳುಗಳೇಳುತ್ತಿದ್ದವು. ಪಾಕ ಹೆಚ್ಚಾದರೆ ಕಾಳು ಮುದ್ದೆಗಟ್ಟುತ್ತದೆ; ಉರಿ ಹೆಚ್ಚಾದರೆ ಬಣ್ಣಗೆಡುತ್ತದೆ. ತಾಳ್ಮೆಯೊಂದೇ ಅದರ ಉಪಾಯ.

ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆ. ಅಲ್ಲಿಂದ ಬೆಂಡು-ಬತ್ತಾಸು ಬರುತ್ತಿತ್ತು. ಪಾಕಕ್ಕೆ ಚಿಟಿಕೆ ಸೋಡಾ ಸೇರಿಸಿ ಚಮಚೆಯಿಂದ ಬಿಟ್ಟರೆ ಅದು ಒಳಗಿನ ಗಾಳಿಯಿಂದ ಉಬ್ಬಿ ಬತ್ತಾಸಾಗುತ್ತದೆ. ನಾಲಿಗೆಯ ಮೇಲಿಟ್ಟೊಡನೆ ಕರಗಿಹೋಗುತ್ತದೆ. ಜಾತ್ರೆಗೆ ಹೋದವರು ತಂದ ಪಳಾರವನ್ನು ಹೋಗದವರ ಮನೆಗೆ ಹಂಚಲೇಬೇಕು. ಹಂಚದೆ ತಿಂದವರಿಗೆ ಜಾತ್ರೆಯ ಫಲವಿಲ್ಲವೆಂದು ಹಿರಿಯರು ಹೇಳುತ್ತಿದ್ದರು.

ಇನ್ನು ಶಾಲೆಯ ಮುಂದಿನ ಗೂಡಂಗಡಿಯಲ್ಲಿ ಗಾಜಿನ ಭರಣಿಗಳು. ಕಿತ್ತಳೆಯ ತೊಳೆಯ ಆಕಾರದ ಪೆಪ್ಪರಮಿಂಟುಗಳು, ಕೆಲವೊಮ್ಮೆ ನಾಸಿಕ ಜಿಲ್ಲೆಯಿಂದ ಬರುತ್ತಿದ್ದ ರಾವಳಗಾಂವದ ಚಾಕಲೇಟುಗಳು. ಐದು ಪೈಸೆ ಕೈಗೆ ಬರುವುದೇ ಅಪರೂಪವಾದ್ದರಿಂದ ನಾವು ಭರಣಿಯನ್ನು ನೋಡಿಯೇ ಹೆಚ್ಚು ತೃಪ್ತರಾಗುತ್ತಿದ್ದೆವು. ಒಂದು ಪೆಪ್ಪರಮಿಂಟು ಸಿಕ್ಕರೆ ಅಂಗಿಯ ತುದಿಯಲ್ಲಿ ಸುತ್ತಿ ಹಲ್ಲಿನಿಂದ ಕಡಿದು ಇಬ್ಬರು ತಿನ್ನುತ್ತಿದ್ದೆವು. ಆ ಇನ್ನೊಬ್ಬನ ವಿಷಯಕ್ಕೆ ಈಗ ಬರುತ್ತೇನೆ.

ಮುರಿದ ಸೊಂಡಿಲು

ನಮ್ಮ ಮನೆಯಲ್ಲಿ ಕಸಮುಸುರೆಯ ಕೆಲಸಕ್ಕೆ ಬರುತ್ತಿದ್ದ ತಾಯಿಗೆ ನನ್ನ ವಾರಿಗೆಯ ಒಬ್ಬ ಮಗನಿದ್ದ. ಆಕೆ ಪಾತ್ರೆ ಬೆಳಗುವಷ್ಟು ಹೊತ್ತು ನಾವಿಬ್ಬರೂ ಹಿತ್ತಿಲಲ್ಲಿ ಆಡುತ್ತಿದ್ದೆವು. ಅಂಗಿಯ ತುದಿಯ ಪೆಪ್ಪರಮಿಂಟಿನ ಅರ್ಧ ಅವನದು.

1968ರಲ್ಲಿ ನನ್ನ ಅಕ್ಕನ ಮದುವೆ ನಿಶ್ಚಯವಾಗಿತ್ತು. ನಿಶ್ಚಯವಾದ ಕನ್ನೆಗೆ ಗೌರಿ ಹುಣ್ಣಿಮೆಯಲ್ಲಿ ಗಂಡಿನ ಮನೆಯವರು ಸೀರೆ-ಕುಬಸ, ಹೂವಿನ ದಂಡಿ ಮತ್ತು ಸಕ್ಕರೆ ಆರತಿ ತರುವುದು ನಮ್ಮ ಕಡೆಯ ಪದ್ಧತಿ. ಬೀಗರು ಬಿದಿರಿನ ಬುಟ್ಟಿಯಲ್ಲಿ, ಬಿಳಿಯ ಬಟ್ಟೆಯ ಮೇಲೆ ಜೋಡಿಸಿ ತಂದ ಆರತಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಆನೆ. ಮೈಯೆಲ್ಲ ಅಚ್ಚ ಬಿಳುಪು, ಬೆನ್ನ ಮೇಲೆ ಗುಲಾಬಿ ಬಣ್ಣದ ಅಂಬಾರಿ.

ಆ ಆನೆಯ ಹುಟ್ಟನ್ನು ನಾನು ಬಲ್ಲೆ. ಸಂತೆಯ ಊರಿನ ಮಿಠಾಯಿಯವರ ಒಲೆಯ ಮುಂದೆ ಅಪ್ಪನ ಜೊತೆಗೆ ನಿಂತು ನೋಡಿದ್ದೆ. ಸಕ್ಕರೆಗೆ ನೀರು ಬೆರೆಸಿ ಕುದಿಸುವಾಗ ಅದಕ್ಕೆ ತುಸು ಹಾಲು ಹಾಕುತ್ತಾರೆ. ಹಾಲು ಒಡೆದು ಸಕ್ಕರೆಯೊಳಗಿನ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಯಿಸಿ, ಮಸುಕು ಬಿಳುಪಿಗೆ ತಿರುಗುವವರೆಗೆ ತಿರುವುತ್ತಾರೆ. ಆ ಹದ ತಪ್ಪುವ ಮೊದಲೇ, ನೀರಿನಲ್ಲಿ ನೆನೆಸಿ ಹುರಿಯಿಂದ ಬಿಗಿದ ಸಾಗವಾನಿಯ ಅಚ್ಚುಗಳಿಗೆ ಹೊಯ್ಯಬೇಕು. ಕಟ್ಟಿಗೆ ಒದ್ದೆಯಾಗಿರುವುದರಿಂದ ಸಕ್ಕರೆ ಅಂಟುವುದಿಲ್ಲ. ಆರಿದ ಮೇಲೆ ಹುರಿ ಬಿಚ್ಚಿ ಅಚ್ಚಿನ ಹೋಳುಗಳನ್ನು ಮೆಲ್ಲನೆ ಬೇರ್ಪಡಿಸಿದರೆ ಒಳಗಿನಿಂದ ಮೂರ್ತಿ ಹೊರಬರುತ್ತದೆ. ಆನೆಯ ಸೊಂಡಿಲು, ಕುದುರೆಯ ಕಾಲು ಮುರಿಯದಂತೆ ತೆಗೆಯುವುದರಲ್ಲಿಯೇ ಕೈಚಳಕವಿರುವುದು.

ಹುಣ್ಣಿಮೆಯ ಹಿಂದಿನ ದಿನ ಆರತಿಯನ್ನು ದೇವರ ಜಗಲಿಯ ಮೇಲಿಟ್ಟಿದ್ದರು. ಸಂಜೆ ಅವನು ಬಾಗಿಲಲ್ಲಿ ನಿಂತು ಕಣ್ಣರಳಿಸಿ ಆನೆಯನ್ನು ನೋಡಿದ. "ಹುಣ್ಣಿಮಿ ಆದಮ್ಯಾಲೆ ನಿನಗೂ ಕೊಡತೀವೋ" ಎಂದು ಅವ್ವ ಹೇಳಿದಳು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಎದ್ದೆ. ನೆಕ್ಕಿ ನೋಡಿ ಇಟ್ಟುಬಿಡಬೇಕೆಂದಷ್ಟೇ ಎಣಿಕೆ. ನಂದಾದೀಪದ ಬೆಳಕಿನಲ್ಲಿ ಆನೆಯನ್ನು ಎತ್ತಿದೆ; ಸೊಂಡಿಲು ಕೈಯಲ್ಲಿಯೇ ಮುರಿಯಿತು. ಮುರಿದದ್ದನ್ನು ಅಲ್ಲಿ ಬಿಡಲಾಗದೆ ಬಾಯಿಗೆ ಹಾಕಿಕೊಂಡೆ. ಅದು ಸಿಹಿಯಾಗಿತ್ತೆಂಬುದು ನನಗೆ ನೆನಪಿಲ್ಲ. ಅಗಿದರೆ ಸಪ್ಪಳವಾದೀತೆಂದು ಕರಗುವವರೆಗೆ ಬಾಯಿಮುಚ್ಚಿಕೊಂಡು ಹಾಸಿಗೆಯಲ್ಲಿ ಬಿದ್ದಿದ್ದುದು ಮಾತ್ರ ನೆನಪಿದೆ.

ಬೆಳಗಾದಾಗ ಮನೆಯಲ್ಲಿ ಗದ್ದಲವೆದ್ದಿತು. ಮದುವೆಯಾಗಲಿರುವ ಹುಡುಗಿಯ ಆರತಿ ಮುರಿದದ್ದು ಅಪಶಕುನವೆಂದು ಅಜ್ಜಿ ಅತ್ತಳು. ಯಾರು ಮುಟ್ಟಿದರೆಂಬ ಪ್ರಶ್ನೆ ಹುಟ್ಟಿದಾಗ ನನ್ನನ್ನು ಯಾರೂ ಕೇಳಲಿಲ್ಲ. ಹಿಂದಿನ ಸಂಜೆ ಬಾಗಿಲಲ್ಲಿ ನಿಂತಿದ್ದವನ ಹೆಸರೇ ಎಲ್ಲರ ಬಾಯಲ್ಲಿ ಬಂತು. ಮುಸುರೆಗೆ ಬಂದ ಅವನ ತಾಯಿಯ ಮುಂದೆಯೇ ವಿಚಾರಣೆ ನಡೆಯಿತು. ಅವನು ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಒಮ್ಮೆ ನನ್ನ ಮುಖವನ್ನು ನೋಡಿದ. ನಾನು ನೆಲವನ್ನು ನೋಡಿದೆ. ಆ ತಾಯಿ ನಮ್ಮೆಲ್ಲರೆದುರು ಮಗನ ಬೆನ್ನ ಮೇಲೆ ಎರಡೇಟು ಹಾಕಿ, ಉಳಿದ ಪಾತ್ರೆಗಳನ್ನು ಬೆಳಗಿಟ್ಟು, ಅವನನ್ನು ಕರೆದುಕೊಂಡು ಹೊರಟುಹೋದಳು.

ಅವ್ವ ಹೊಸ ಪಾಕದಿಂದ ಅರಿಷಿಣದ ಕೊನೆಯಷ್ಟು ಸೊಂಡಿಲನ್ನು ಮಾಡಿ ಅಂಟಿಸಿದಳು. ಅಕ್ಕ ಆರತಿ ಬೆಳಗಿ ಬಂದಳು. ಮರುದಿನ ಆನೆಯನ್ನು ಒಡೆದು ಓಣಿಯ ಮಕ್ಕಳಿಗೆಲ್ಲ ಹಂಚಿದರು. ಅವನಿಗೆ ಹಂಚಲಿಲ್ಲ. ಅವನ ತಾಯಿ ಮತ್ತೆ ನಮ್ಮ ಮನೆಗೆ ಕೆಲಸಕ್ಕೆ ಬರಲಿಲ್ಲ.

ನಮ್ಮದು ನಿತ್ಯ ಲಿಂಗಪೂಜೆ ನಡೆಯುವ ಮನೆ. ಕಾಯಕ, ದಾಸೋಹಗಳ ಮಾತು ಪ್ರತಿದಿನ ಕಿವಿಗೆ ಬೀಳುತ್ತಿದ್ದ ಮನೆ. ಅಂಥ ಮನೆಯಲ್ಲಿಯೂ ಸಂಶಯವು ಬಡವನ ಮಗನ ಮೇಲೆಯೇ ಮೊದಲು ಹೋಗಿ ಕುಳಿತಿತು. ಸತ್ಯ ಬಲ್ಲ ನಾನು ಅದನ್ನು ಎಬ್ಬಿಸಲಿಲ್ಲ.

ಮಠದ ಕಲ್ಲುಸಕ್ಕರೆ

ಮುಂದೆ ಎರಡು ವರ್ಷಗಳಲ್ಲಿ ನನ್ನನ್ನು ವಿದ್ಯಾಭ್ಯಾಸಕ್ಕೆಂದು ಒಂದು ಮಠದ ಪ್ರಸಾದ ನಿಲಯದಲ್ಲಿ ಬಿಟ್ಟರು. ಅಲ್ಲಿ ಸೋಮವಾರದ ಪೂಜೆಯಾದ ಬಳಿಕ ಹಿರಿಯ ಪೂಜ್ಯರು ಒಬ್ಬೊಬ್ಬ ಹುಡುಗನ ಅಂಗೈಯಲ್ಲಿ ಒಂದೊಂದು ಹರಳು ಕಲ್ಲುಸಕ್ಕರೆಯನ್ನಿರಿಸುತ್ತಿದ್ದರು. ಗಟ್ಟಿ ಪಾಕದಲ್ಲಿ ದಾರವನ್ನಿಳಿಬಿಟ್ಟು, ಅಲುಗಿಸದೆ ದಿನಗಟ್ಟಲೆ ತಣಿಯಲು ಬಿಟ್ಟರೆ ದಾರದ ಸುತ್ತ ಹರಳುಗಟ್ಟುವ ಸಕ್ಕರೆಯದು. ನಮ್ಮ ಕಡೆ ಅದಕ್ಕೆ ಖಡಿಸಕ್ಕರೆ ಎನ್ನುವುದೂ ಉಂಟು. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಅಷ್ಟಾವರಣಗಳಲ್ಲಿ ಪ್ರಸಾದವು ಕೊನೆಯದಾಗಿ ಏಕೆ ಬರುತ್ತದೆ ಎಂಬುದನ್ನು ಪೂಜ್ಯರು ಆ ಹರಳನ್ನು ತೋರಿಸಿಯೇ ಹೇಳುತ್ತಿದ್ದರು. ಕೈಗೆ ಬಂದದ್ದೆಲ್ಲ ಪ್ರಸಾದವಲ್ಲ. ಅರ್ಪಿಸಿ ಪಡೆದದ್ದು ಪ್ರಸಾದ. ಕಸಿದು ತಿಂದರೆ ಅದು ಬರಿಯ ಪದಾರ್ಥ.

ಮಠದ ಪಾಠಶಾಲೆಯಲ್ಲಿ ಬಸವಣ್ಣನವರ ಸಪ್ತಶೀಲದ ವಚನವನ್ನು ನಿತ್ಯವೂ ಹೇಳಿಸುತ್ತಿದ್ದರು. ಅದರ ಮೊದಲನೆಯ ಮಾತು ಕಳವನ್ನು ಕುರಿತದ್ದು, ಮೂರನೆಯದು ಹುಸಿಯನ್ನು ಕುರಿತದ್ದು. ಎರಡೂ ಬಂದಾಗ ನನ್ನ ಧ್ವನಿ ತಗ್ಗುತ್ತಿತ್ತು. ಹರಿಹರನ ರಗಳೆಯಲ್ಲಿ ಬರುವ ಕೋಳೂರ ಕೊಡಗೂಸಿನ ಕಥೆಯನ್ನು ಪಾಠ ಹೇಳಿದ ದಿನವಂತೂ ನಾನು ಊಟ ಮಾಡಲಿಲ್ಲ. ತಂದೆ ಊರಲ್ಲಿಲ್ಲದಾಗ ಶಿವನಿಗೆ ಹಾಲು ಕೊಂಡೊಯ್ದ ಆ ಮಗು, ಲಿಂಗವು ಕುಡಿಯಲಿಲ್ಲವೆಂದು ಅತ್ತಳು. ತನಗೆ ಹಾಲಿಲ್ಲವೆಂದು ಅತ್ತವಳಲ್ಲ ಅವಳು. ನಾನೋ ದೇವರ ಜಗಲಿಯಿಂದಲೇ ಕದ್ದವನು.

ಆ ರಾತ್ರಿ ಪೂಜ್ಯರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನನ್ನ ಮುಂದ ಯಾಕ ಹೇಳತೀಯಪಾ? ಯಾರ ಋಣ ಐತೋ ಅವನ ಮುಂದ ಹೇಳು" ಎಂದರು. ಬೇಸಿಗೆಯ ಸೂಟಿಗೆ ಊರಿಗೆ ಹೊರಟಾಗ ಒಂದು ಕಾಗದದಲ್ಲಿ ದಪ್ಪನೆಯ ಕಲ್ಲುಸಕ್ಕರೆಯ ಗಟ್ಟಿಯನ್ನು ಸುತ್ತಿ ನನ್ನ ಕೈಗಿತ್ತು, "ಒಬ್ಬಾಂವನ ತಿನಬ್ಯಾಡ" ಎಂದಷ್ಟೇ ಹೇಳಿದರು.

ಅವನು ಹೊಳೆಯ ದಂಡೆಯಲ್ಲಿ ಎಮ್ಮೆ ಕಾಯುತ್ತಿದ್ದ. ಶಾಲೆ ಬಿಟ್ಟಿದ್ದ. ನಾನು ತಡವರಿಸುತ್ತ ಹೇಳಿ ಮುಗಿಸಿದೆ. ಅವನು ನೀರಿನ ಕಡೆ ನೋಡುತ್ತ, "ನನಗ ಗೊತ್ತಿತ್ತು. ನಿನ್ನ ಅಂಗೀ ತೋಳಿಗೆ ಸಕ್ಕರಿ ಹತ್ತಿತ್ತು" ಎಂದ.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ದರ ಯಾರು ನಂಬತಿದ್ರು?"

ಮಠದಲ್ಲಿ ಕಲಿತ ಯಾವ ಶಾಸ್ತ್ರದಲ್ಲಿಯೂ ಆ ಪ್ರಶ್ನೆಗೆ ನನಗೆ ಉತ್ತರ ದೊರೆತಿಲ್ಲ. ಕಾಗದ ಬಿಚ್ಚಿ ಕಲ್ಲುಸಕ್ಕರೆಯನ್ನು ಮುಂದೆ ಹಿಡಿದೆ. ಅವನು ಅದನ್ನು ಹೊಳೆಯ ಕಲ್ಲಿನ ಮೇಲಿಟ್ಟು ಮತ್ತೊಂದು ಕಲ್ಲಿನಿಂದ ಒಡೆದು ಎರಡು ಪಾಲು ಮಾಡಿದ. ಹೆಚ್ಚಿನ ಪಾಲನ್ನು ಕಾಗದದಲ್ಲಿ ಸುತ್ತಿ, "ಇದು ನಮ್ಮವ್ವಗ. ಬಾ, ಆಕಿ ಮುಂದನೂ ಹೇಳು" ಎಂದ. ಉಳಿದದ್ದರಲ್ಲಿ ಅರ್ಧ ನನಗೆ ಕೊಟ್ಟ.

ಅವನ ತಾಯಿಯ ಮುಂದೆ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಮಾತಾಡಲಿಲ್ಲ. ಅನಂತರ ನಮ್ಮ ಮನೆಯಲ್ಲಿಯೂ ಹೇಳಿದೆ. ಅಪ್ಪ ಹೊಡೆದರು. ಅವ್ವ ಹೊಡೆಯಲಿಲ್ಲ, ಒಂದು ಹೊತ್ತು ಉಣ್ಣಲಿಲ್ಲ. ಮುಂದಿನ ಗೌರಿ ಹುಣ್ಣಿಮೆಯ ಮರುದಿನ ಆಕೆ ಆರತಿಯ ಆನೆಯನ್ನು ಒಡೆಯದೆ ಇಡಿಯಾಗಿ ತಟ್ಟೆಯಲ್ಲಿಟ್ಟುಕೊಂಡು, ಓಣಿಯವರೆಲ್ಲ ನೋಡುವಂತೆ, ಅವರ ಗುಡಿಸಲಿಗೆ ತಾನೇ ನಡೆದುಹೋದಳು. ಹೊಸ್ತಿಲಲ್ಲಿ ನಿಂತು ಕೊಟ್ಟು ಬರಲಿಲ್ಲ. ಒಳಗೆ ಹೋಗಿ ಕುಳಿತು ನೀರು ಕುಡಿದು ಬಂದಳು.

ಖಂಡವೆಂಬ ಮಾತು

ಸಂಸ್ಕೃತವನ್ನು ಓದತೊಡಗಿದ ಮೇಲೆ ಸಕ್ಕರೆಯ ಮಾತುಗಳ ಹಿಂದೆ ಬಿದ್ದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಬ್ಬಿನ ರಸದಿಂದಾಗುವ ವಸ್ತುಗಳನ್ನು ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಹೆಸರಿಸಲಾಗಿದೆ. ಗುಡವೆಂದರೆ ಬೆಲ್ಲ. ಶರ್ಕರಾ ಎಂದರೆ ಮೊದಲಿಗೆ ಮರಳು, ಹರಳು ಎಂದರ್ಥ. ಅದೇ ನಮ್ಮ ಸಕ್ಕರೆಯಾಯಿತು. ಪಾರಸಿ, ಅರಬ್ಬಿಗಳ ಬಾಯಿಗೆ ಬಿದ್ದು ಪಶ್ಚಿಮಕ್ಕೆ ಹೋಗಿ ಶುಗರ್ ಆಗಿ ನಮಗೇ ಮರಳಿತು. ಖಂಡವೆಂಬ ಮಾತೂ ಅದೇ ಹಾದಿಯಲ್ಲಿ ಹೋಗಿ ಇಂಗ್ಲಿಷಿನ ಕ್ಯಾಂಡಿಯಾಯಿತು. ಇಂದು ನಮ್ಮ ಮಕ್ಕಳು ಕ್ಯಾಂಡಿ ಬೇಕೆಂದು ಹಟಮಾಡುವಾಗ ತಮಗರಿಯದೆಯೇ ಸಂಸ್ಕೃತದ ಮಾತನ್ನಾಡುತ್ತಿರುತ್ತಾರೆ. ಬಸವಣ್ಣನವರಿಗಿಂತ ತುಸು ಮುಂಚೆ ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಮನೆಯ ಭಕ್ಷ್ಯಗಳನ್ನು ವಿವರಿಸಿದ್ದಾನೆ. ಅದು ಅರಸರ ಸಿಹಿ.

ಖಂಡವೆಂದರೆ ತುಂಡು. ಇಡಿಯಾದುದನ್ನು ಒಡೆದಾಗ ಆಗುವುದು. ಈ ಅರ್ಥವನ್ನು ನಿಘಂಟಿನಲ್ಲಿ ಕಂಡ ದಿನ ನನಗೆ ಹೊಳೆಯ ದಂಡೆಯ ಕಲ್ಲು ನೆನಪಾಯಿತು. ನಾನು ರಾತ್ರಿಯಲ್ಲಿ ಮುರಿದದ್ದೂ ಖಂಡವೇ, ಅವನು ಹಗಲಿನಲ್ಲಿ ಒಡೆದದ್ದೂ ಖಂಡವೇ. ಒಂದು ಮನೆಯಿಂದ ಒಬ್ಬ ಗೆಳೆಯನನ್ನು ಹೊರಗಟ್ಟಿತು. ಇನ್ನೊಂದು ಅವನನ್ನು ಮರಳಿ ತಂದಿತು.

ಇಂದಿನ ಮನೆಗಳಲ್ಲಿ

ಕಾಲ ಬದಲಾಗಿದೆ. ಸಕ್ಕರೆಯ ಡಬ್ಬಿ ಈಗ ಮಾಡದ ಮೇಲಿಲ್ಲ. ಮಕ್ಕಳ ಕೈಯಲ್ಲಿ ದಿನಕ್ಕೊಂದು ಬಣ್ಣದ ಪೊಟ್ಟಣ. ನಾವು ಭರಣಿಯಲ್ಲಿ ನೋಡಿ ಆಸೆಪಟ್ಟ ರಾವಳಗಾಂವದ ಚಾಕಲೇಟಿನ ಹೆಸರುಗಳನ್ನು 2024ರಲ್ಲಿ ರಿಲಯನ್ಸ್ ಸಂಸ್ಥೆಯು 27 ಕೋಟಿ ರೂಪಾಯಿಗಳಿಗೆ ಕೊಂಡಿತೆಂದು ಓದಿದಾಗ, ನಮ್ಮ ಐದು ಪೈಸೆ ನೆನಪಾಗಿ ನಕ್ಕೆ. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರಕಾರವು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಣ್ಣದ ಬಳಕೆಯನ್ನು ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ವಿಷ. ಆದ್ದರಿಂದ ಸಕ್ಕರೆ ಆರತಿಯನ್ನು ಕೊಳ್ಳುವ ತಾಯಂದಿರು ಕಣ್ಣು ಕುಕ್ಕುವ ಬಣ್ಣಗಳನ್ನು ಬಿಟ್ಟು ಬಿಳಿಯ ಗೊಂಬೆಗಳನ್ನೇ ಆರಿಸಿಕೊಳ್ಳುವುದು ಲೇಸು.

ಸಕ್ಕರೆಯಾದರೂ ಮಿತಿಯಲ್ಲಿರಬೇಕು. ಆಹಾರಕ್ಕೆ ಬೆರೆಸುವ ಸಕ್ಕರೆ, ಬೆಲ್ಲ, ಜೇನುಗಳೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದೆ. ದೊಡ್ಡವರಿಗೆ ಇದು ಸುಮಾರು 50 ಗ್ರಾಂ. ಇದರ ಅರ್ಧಕ್ಕಿಳಿಸಿದರೆ ಇನ್ನೂ ಒಳಿತು. ಮಕ್ಕಳಿಗೆ ಇದಕ್ಕಿಂತ ಕಡಿಮೆ. ನಮ್ಮ ಹಿರಿಯರಿಗೆ ಗ್ರಾಂ ಲೆಕ್ಕ ಗೊತ್ತಿರಲಿಲ್ಲ. ತಿಥಿಯ ಲೆಕ್ಕ ಗೊತ್ತಿತ್ತು. ಸಂಕ್ರಮಣ, ಜಾತ್ರೆ, ಗೌರಿ ಹುಣ್ಣಿಮೆ ಎಂದು ವರ್ಷದಲ್ಲಿ ಕೆಲವೇ ದಿನ ಸಕ್ಕರೆಯ ತಿನಿಸು. ಅದೂ ಹತ್ತು ಮನೆಗೆ ಹಂಚಿ ಉಳಿದದ್ದು. ಆ ಸಿಹಿಯಿಂದ ಯಾರಿಗೂ ಕೇಡಾಗಲಿಲ್ಲ.

ಮಕ್ಕಳಿಗೆ ಸಿಹಿಯನ್ನು ಕೊಡಲೇಬೇಡಿರೆಂದು ನಾನು ಹೇಳುವವನಲ್ಲ. ಕೊಡುವ ಕ್ರಮವನ್ನು ಬಿಡಬೇಡಿರೆಂದಷ್ಟೇ ನನ್ನ ಬಿನ್ನಹ. ಪೊಟ್ಟಣವನ್ನು ಮಗುವಿನ ಕೈಗೆ ಕೊಟ್ಟುಬಿಡುವ ಬದಲು ಅದನ್ನು ಒಡೆದು ಹಂಚುವ ಕೆಲಸವನ್ನು ಮಗುವಿಗೆ ಕೊಡಿರಿ. ಮನೆಯಲ್ಲಿ ಕೆಲಸಕ್ಕೆ ಬರುವವರ ಮಗುವಿನ ಪಾಲು ಮೊದಲು ಹೋಗಲಿ. ಮನೆಯಲ್ಲಿ ಏನಾದರೂ ಕಾಣೆಯಾದ ದಿನ, ಸಂಶಯದ ಬೆರಳು ಎತ್ತ ತಿರುಗುತ್ತಿದೆಯೆಂಬುದನ್ನು ಹಿರಿಯರು ಒಮ್ಮೆ ನೋಡಿಕೊಳ್ಳಲಿ.

ನನ್ನ ಗೆಳೆಯನು ಈಗಲೂ ಊರಿನಲ್ಲಿಯೇ ಇದ್ದಾನೆ. ಪ್ರತಿ ಗೌರಿ ಹುಣ್ಣಿಮೆಯ ಮರುದಿನ ನಾನು ಅವನ ಮನೆಗೆ ಒಂದು ಸಕ್ಕರೆಯ ಆನೆಯನ್ನು ಒಯ್ಯುತ್ತೇನೆ. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರೂ ತಿನ್ನುವಂತಿಲ್ಲ. ಅವನು ಮೊದಲು ಸೊಂಡಿಲನ್ನು ಮುಟ್ಟಿ ನೋಡಿ, "ಐತಿ, ಐತಿ" ಎಂದು ನಗುತ್ತಾನೆ. ಆಮೇಲೆ ಮೊಮ್ಮಕ್ಕಳನ್ನು ಕರೆಯುತ್ತಾನೆ.

ಪೇಟೆಯಲ್ಲಿ ನನ್ನ ಮೊಮ್ಮಗಳು ಕೇಳಿದ ಪ್ರಶ್ನೆಗೆ ನಾನು ಹೇಳಿದ ಉತ್ತರ ಇಷ್ಟೆ: "ಮೊದಲ ಬೆಳಗೋದವ್ವಾ, ಆಮ್ಯಾಲೆ ಹಂಚೋದು, ಉಳಿದದ್ದು ತಿನ್ನೋದು." ಆಕೆ ತುಸು ಯೋಚಿಸಿ, ಅಂಗಡಿಯವನಿಗೆ ಹೇಳಿದಳು: "ಹಂಗಾದ್ರ ದೊಡ್ಡ ಆನಿನ ಕೊಡ್ರಿ."